ಮೇಲಿಟ್ಟದ್ದು ಮೊದಲು ಇಳಿಯುತ್ತದೆ: ಮ್ಯಾಜಿಕ್ ಕಾರ್ಡಿನಾಟದ ಪ್ರಶ್ನೋತ್ತರ

ರಿಚರ್ಡ್ ಗಾರ್‌ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟವನ್ನು ದಾವಣಗೆರೆ, ಚಿತ್ರದುರ್ಗ ಭಾಗದಲ್ಲಿ ಆಡುವ ಓದುಗರಿಂದ ಈ ಸಲ ಬಂದ ಪತ್ರಗಳು ಬಹುಮಟ್ಟಿಗೆ ಒಂದೇ ಗೊಂದಲದ ಸುತ್ತ ಇವೆ. ಯಾವುದು ಮೊದಲು ನಡೆಯುತ್ತದೆ, ಯಾವುದು ಆಮೇಲೆ ಎಂಬುದೇ ಆ ಗೊಂದಲ. ಆದ್ದರಿಂದ ಮೊದಲ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಗ್ರಿಜ್ಲಿ ಬೇರ್ಸ್ (ಕರಡಿ) ಎಂಬ ಕ್ರೀಚರ್, ಅಂದರೆ ಜೀವಿಯ ಕಾರ್ಡಿನ ಮೇಲೆ ಎದುರಾಳಿ ಹೊಡೆತ ಕೊಡುವ ಲೈಟ್ನಿಂಗ್ ಬೋಲ್ಟ್ ಹಾಕಿದ. ನಾನು ತಕ್ಷಣ ಅದೇ ಕರಡಿಗೆ ಬಲ ಹೆಚ್ಚಿಸುವ ಜೈಂಟ್ ಗ್ರೋತ್ ಹಾಕಿದೆ. ‘ಮೊದಲು ಹಾಕಿದವನು ನಾನು, ಕರಡಿ ಆಗಲೇ ಸತ್ತಿದೆ’ ಎಂದು ಆತ ಪಟ್ಟು ಹಿಡಿದ. ಯಾರ ಮಾತು ಸರಿ? (ಕಾಲೇಜು ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ನಿಮ್ಮ ಮಾತೇ ಸರಿ, ಕರಡಿ ಬದುಕುತ್ತದೆ. ಒಂದು ಸ್ಪೆಲ್ಲನ್ನು (ಮಂತ್ರದಂತೆ ಪ್ರಯೋಗಿಸುವ ಕಾರ್ಡನ್ನು) ಹಾಕಿದ ಮಾತ್ರಕ್ಕೆ ಅದರ ಪರಿಣಾಮ ನಡೆದುಹೋಗುವುದಿಲ್ಲ. ಅದು ಮೊದಲು ‘ಸ್ಟ್ಯಾಕ್’ ಎಂಬ ಜಾಗಕ್ಕೆ ಹೋಗಿ ಕಾಯುತ್ತದೆ, ಮತ್ತು ಇಬ್ಬರೂ ಆಟಗಾರರು ಒಬ್ಬರ ಹಿಂದೊಬ್ಬರು ‘ನನ್ನದೇನಿಲ್ಲ’ ಎಂದು ಬಿಟ್ಟುಕೊಟ್ಟ ಮೇಲಷ್ಟೇ ಸ್ಟ್ಯಾಕ್‌ನ ತುದಿಯಲ್ಲಿರುವ ಒಂದು ಸ್ಪೆಲ್ ಜಾರಿಯಾಗುತ್ತದೆ. ನಮ್ಮ ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲಗಳನ್ನು ಅಟ್ಟಿ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೊನೆಯಲ್ಲಿ ಮೇಲಿಟ್ಟ ಚೀಲವೇ ಮೊದಲು ಕೆಳಗಿಳಿಯಬೇಕು. ನಿಮ್ಮ ಆಟದಲ್ಲಿ ಬೋಲ್ಟ್ ಕೆಳಗಿದೆ, ಗ್ರೋತ್ ಮೇಲಿದೆ. ಮೊದಲು ಗ್ರೋತ್ ಜಾರಿಯಾಗಿ 2/2 ಕರಡಿ (ಮೊದಲ ಅಂಕಿ ಹೊಡೆಯುವ ಪವರ್, ಎರಡನೆಯದು ಹೊಡೆತ ತಾಳುವ ಬಲ) 5/5 ಆಗುತ್ತದೆ. ಆಮೇಲೆ ಬೋಲ್ಟ್ ಕೊಡುವ 3 ಡ್ಯಾಮೇಜ್ ಅದಕ್ಕೆ ಸಾಲುವುದಿಲ್ಲ.

ಆದರೆ ನಿಮ್ಮ ಎದುರಾಳಿಯ ಕೈಯಲ್ಲಿ ಎರಡನೆಯ ಬೋಲ್ಟ್ ಇದ್ದು, ಗ್ರೋತ್ ಇನ್ನೂ ಸ್ಟ್ಯಾಕ್‌ನಲ್ಲಿರುವಾಗಲೇ ಅದನ್ನೂ ಹಾಕಿದ್ದರೆ ಕಥೆ ಬೇರೆಯಾಗುತ್ತಿತ್ತು. ಈಗ ತುದಿಯಲ್ಲಿರುವುದು ಆ ಎರಡನೆಯ ಬೋಲ್ಟ್. ಕರಡಿ ಇನ್ನೂ 2/2 ಆಗಿರುವಾಗಲೇ ಅದು ಬಡಿಯುತ್ತದೆ, ಕರಡಿ ಸಾಯುತ್ತದೆ, ಗುರಿ ಕಳೆದುಕೊಂಡ ಜೈಂಟ್ ಗ್ರೋತ್ ಏನೂ ಮಾಡದೆ ಗ್ರೇವ್‌ಯಾರ್ಡ್ (ಬಳಸಿ ಮುಗಿದ ಕಾರ್ಡುಗಳ ರಾಶಿ) ಸೇರುತ್ತದೆ. ಅದಕ್ಕಾಗಿ ಕೊಟ್ಟ ಮನಾ (ಕಾರ್ಡ್ ಹಾಕಲು ತೆರುವ ಶಕ್ತಿ) ವಾಪಸ್ ಬರುವುದಿಲ್ಲ. ಎದುರಾಳಿ ಕೆಂಪು ಮನಾ ಉಳಿಸಿಕೊಂಡು ಕೂತಿರುವಾಗ ತಾನಾಗಿ ಮುಂದೆ ಬಿದ್ದು ಗ್ರೋತ್ ಹಾಕಬಾರದು ಎಂದು ಅನುಭವಿಗಳು ಹೇಳುವುದು ಇದೇ ಕಾರಣಕ್ಕೆ.

ಇದೇ ಪತ್ರದ ಕೊನೆಯಲ್ಲಿ ಅವರು ಇನ್ನೊಂದು ಸಂಗತಿಯನ್ನು ಕೇಳಿದ್ದಾರೆ, ಅದು ನನಗೆ ಬಹಳ ಮೆಚ್ಚುಗೆಯಾಯಿತು. ಗ್ರೋತ್‌ನ ಬಲ ಆ ಸರದಿಯ ಕೊನೆಗೆ ಇಳಿದುಹೋಗುತ್ತದೆ. ಹಾಗಾದರೆ 3 ಡ್ಯಾಮೇಜ್ ಹೊತ್ತ ಕರಡಿ ಮತ್ತೆ 2/2 ಆದ ಕೂಡಲೇ ಸಾಯಬೇಕಲ್ಲವೇ? ಇಲ್ಲ. ಸರದಿಯ ಕಟ್ಟಕಡೆಯ ‘ಕ್ಲೀನಪ್’ ಹಂತದಲ್ಲಿ ಕ್ರೀಚರ್‌ಗಳ ಮೇಲಿನ ಡ್ಯಾಮೇಜ್ ಅಳಿಸುವುದೂ, ‘ಸರದಿ ಮುಗಿಯುವವರೆಗೆ’ ಎಂದಿರುವ ಪರಿಣಾಮಗಳು ನಿಲ್ಲುವುದೂ ಒಂದೇ ಗಳಿಗೆಯಲ್ಲಿ ನಡೆಯುತ್ತವೆ. ಕರಡಿ 2/2 ಆಗಿದ್ದು ಮೈಮೇಲೆ ಗಾಯವೂ ಇರುವ ಕ್ಷಣ ಆಟದಲ್ಲಿ ಬರುವುದೇ ಇಲ್ಲ.

ನಾವು ಭಾನುವಾರ ಆಡುವಾಗ ಪ್ರತಿ ಸ್ಪೆಲ್ಲನ್ನೂ ಮೇಜಿನ ನಡುವೆ, ಕೆಳಗಿನ ಕಾರ್ಡಿನ ಹೆಸರು ಕಾಣುವಂತೆ ಅರ್ಧ ಮುಚ್ಚಿ, ಒಂದರ ಮೇಲೊಂದು ಇಡುತ್ತೇವೆ. ಹಾಗಿಟ್ಟ ಮೇಲೆ ಯಾರು ಮೊದಲು ಹಾಕಿದರು ಎಂಬ ಜಗಳ ನಮ್ಮಲ್ಲಿ ಬಂದಿಲ್ಲ.

ಪ್ರಶ್ನೆ: ಈ ಸರದಿಯಲ್ಲೇ ಇಳಿಸಿದ ಲಾನೋವರ್ ಎಲ್ವ್ಸ್ ಕಾರ್ಡನ್ನು ಟ್ಯಾಪ್ ಮಾಡಿ (ಬಳಸಿದ ಗುರುತಿಗೆ ಅಡ್ಡ ತಿರುಗಿಸಿ) ಹಸಿರು ಮನಾ ಪಡೆಯಬಹುದೇ? ಎದುರಾಳಿಯ ಸರದಿಯಲ್ಲಿ? (ಹರಿಹರ)

ಉತ್ತರ: ಎರಡೂ ಕೂಡದು. ನಿಮ್ಮ ಇತ್ತೀಚಿನ ಸರದಿ ಶುರುವಾದಾಗಿನಿಂದ ಎಡೆಬಿಡದೆ ನಿಮ್ಮ ಹಿಡಿತದಲ್ಲಿರುವ ಕ್ರೀಚರ್ ಮಾತ್ರ ದಾಳಿ ಮಾಡಬಹುದು ಅಥವಾ ಟ್ಯಾಪ್ ಚಿಹ್ನೆಯಿರುವ ತನ್ನ ಶಕ್ತಿಯನ್ನು ಬಳಸಬಹುದು. ನಡುವೆ ಎದುರಾಳಿಯ ಸರದಿ ಬಂದರೂ ನಿಮ್ಮ ‘ಇತ್ತೀಚಿನ ಸರದಿ’ ಹಳೆಯದೇ ಆಗಿರುವುದರಿಂದ ಎಲ್ವ್ಸ್ ಕಾಯಲೇಬೇಕು. ‘ಹೇಸ್ಟ್’ ಎಂಬ ಗುಣ ಇರುವ ಕ್ರೀಚರ್‌ಗೆ ಈ ಕಟ್ಟಳೆಯಿಲ್ಲ, ಬ್ಲಾಕ್ ಮಾಡಲು (ಎದುರಾಳಿಯ ದಾಳಿ ತಡೆಯಲು) ಯಾವ ಕ್ರೀಚರ್‌ಗೂ ಇಲ್ಲ. ಮುಂದಿನ ಸರದಿಯಲ್ಲಿ ನೀವು ಎಲ್ವ್ಸ್ ಟ್ಯಾಪ್ ಮಾಡಿದಾಗ ‘ತಾಳು, ಅದಕ್ಕೆ ಮೊದಲೇ ಬೋಲ್ಟ್ ಹಾಕುತ್ತೇನೆ’ ಎಂದು ಎದುರಾಳಿ ತಡೆಯುವಂತಿಲ್ಲ, ಏಕೆಂದರೆ ಮನಾ ಕೊಡುವ ಇಂಥ ಶಕ್ತಿಗಳು ಸ್ಟ್ಯಾಕ್‌ಗೆ ಹೋಗುವುದೇ ಇಲ್ಲ.

ಪ್ರಶ್ನೆ: ಡೆಕ್‌ನ ಕೊನೆಯ ಕಾರ್ಡ್ ಎಳೆದುಕೊಂಡರೆ ಸೋತಂತೆಯೇ? (ಜಗಳೂರು)

ಉತ್ತರ: ಅಲ್ಲ. ಖಾಲಿಯಾದ ಡೆಕ್‌ನಿಂದ ಇನ್ನೊಂದು ಕಾರ್ಡ್ ಎಳೆಯಬೇಕಾಗಿ ಬಂದಾಗಲೇ ಸೋಲು.

ಪ್ರಶ್ನೆ: ಡೆತ್‌ಟಚ್ ಮತ್ತು ಟ್ರ್ಯಾಂಪಲ್ ಎರಡೂ ಇರುವ, 6 ಪವರ್‌ನ ಕ್ರೀಚರನ್ನು ಒಂದು 4/4 ಮತ್ತು ಒಂದು 3/3 ಸೇರಿ ಬ್ಲಾಕ್ ಮಾಡಿದವು. ನನಗೆ ಎಷ್ಟು ಡ್ಯಾಮೇಜ್ ಬೀಳುತ್ತದೆ? (ವಿದ್ಯಾನಗರ, ದಾವಣಗೆರೆ)

ಉತ್ತರ: 4 ಬೀಳಬಹುದು. ಬ್ಲಾಕ್ ಮಾಡಿದ ಕ್ರೀಚರ್‌ಗಳಿಗೆ ಸಾವಿಗೆ ಸಾಕಾಗುವಷ್ಟು ಹಂಚಿ ಉಳಿದದ್ದನ್ನು ಆಟಗಾರನ ಮೇಲೆ ಹಾಕಲು ಟ್ರ್ಯಾಂಪಲ್ ಅವಕಾಶ ಕೊಡುತ್ತದೆ. ಡೆತ್‌ಟಚ್ ಇದ್ದಾಗ 1 ಡ್ಯಾಮೇಜ್ ಕೂಡ ಸಾವಿಗೆ ಸಾಕು ಎಂಬುದೇ ಲೆಕ್ಕ. ಎರಡು ಬ್ಲಾಕರ್‌ಗಳಿಗೆ ಒಂದೊಂದು ಕೊಟ್ಟರೆ ಮುಗಿಯಿತು. ಬ್ಲಾಕ್ ಮಾಡಿದ್ದು ‘ಇನ್‌ಡಿಸ್ಟ್ರಕ್ಟಿಬಲ್’ ಆಗಿದ್ದರೂ ಹಂಚಿಕೆಯ ಲೆಕ್ಕ ಬದಲಾಗುವುದಿಲ್ಲ. ಅದು ಸಾಯದೆ ಉಳಿಯುತ್ತದೆ ಅಷ್ಟೆ. ಈ ಕಡೆಯ ಮಾತನ್ನು ನಾನು ಕಲಿತದ್ದು ಸೋತು. ‘ಅದು ಸಾಯುವುದಿಲ್ಲವಲ್ಲ’ ಎಂಬ ಧೈರ್ಯದಲ್ಲಿ ಒಂದೇ ಕ್ರೀಚರ್‌ನಿಂದ ಬ್ಲಾಕ್ ಮಾಡಿದ್ದೆ, ನನಗೆ ಉಳಿದಿದ್ದ 5 ಲೈಫ್ (ಸೊನ್ನೆಯಾದರೆ ಸೋಲುವ ಅಂಕ) ಅಲ್ಲಿಗೇ ಮುಗಿದಿತ್ತು.

ಪ್ರಶ್ನೆ: ಹೊಡೆದಾಟದ ಡ್ಯಾಮೇಜ್ ಹಂಚಿದ ಮೇಲೂ ತನ್ನ ಕ್ರೀಚರನ್ನು ಬಲಿ ಕೊಟ್ಟು ಲಾಭ ಪಡೆಯಬಹುದು, ಹೊಡೆತವೂ ಎದುರಾಳಿಗೆ ಬಿದ್ದೇ ಬೀಳುತ್ತದೆ ಎಂದು ನಮ್ಮ ಅಣ್ಣ ಹೇಳುತ್ತಾರೆ. ನಿಜವೇ? (ಹೊಳಲ್ಕೆರೆ)

ಉತ್ತರ: ನಿಮ್ಮ ಅಣ್ಣನವರು ಕಲಿತ ಕಾಲಕ್ಕೆ ಅದು ನಿಜವೇ ಆಗಿತ್ತು. 1999ರಲ್ಲಿ ಆರನೆಯ ಆವೃತ್ತಿಯ ಜೊತೆಗೆ ಸ್ಟ್ಯಾಕ್ ಬಂದಾಗ ಹೊಡೆದಾಟದ ಡ್ಯಾಮೇಜ್ ಕೂಡ ಅದರ ಮೇಲೆ ಕಾಯುತ್ತಿತ್ತು. 2009ರ ಬದಲಾವಣೆಯಲ್ಲಿ ಅದನ್ನು ತೆಗೆದುಹಾಕಲಾಯಿತು. ಬಳಸದೆ ಉಳಿದ ಮನಾದಿಂದ ಲೈಫ್ ಕಳೆದುಕೊಳ್ಳುವ ಮನಾ ಬರ್ನ್ ನಿಯಮ ಹೋದದ್ದೂ ಆಗಲೇ. ಈಗ ಹಂಚಿದ ಡ್ಯಾಮೇಜ್ ಆ ಕ್ಷಣವೇ ಬೀಳುತ್ತದೆ, ನಡುವೆ ಯಾರಿಗೂ ಅವಕಾಶವಿಲ್ಲ. ಬಲಿ ಕೊಡುವುದಿದ್ದರೆ ಬ್ಲಾಕ್ ಘೋಷಿಸಿದ ಮೇಲೆ, ಡ್ಯಾಮೇಜ್‌ಗೆ ಮೊದಲು ಕೊಡಬೇಕು. ಆಗ ನಿಮ್ಮ ಕ್ರೀಚರ್ ಯಾರಿಗೂ ಹೊಡೆಯುವುದಿಲ್ಲ ನಿಜ, ಆದರೆ ಅದು ತಡೆದ ದಾಳಿಕಾರ ‘ಬ್ಲಾಕ್ ಆದದ್ದು’ ಎಂದೇ ಉಳಿಯುತ್ತದೆ, ಅದಕ್ಕೆ ಟ್ರ್ಯಾಂಪಲ್ ಇಲ್ಲದಿದ್ದರೆ ನಿಮ್ಮ ಲೈಫ್‌ನಲ್ಲಿ ಒಂದೂ ಕಡಿಮೆಯಾಗುವುದಿಲ್ಲ.