ಟ್ಯಾಂಕಿನಿಂದ ಐದು ವಾಲ್ವಿಗೆ ಪೈಪು: ಮೊದಲು ಕಾಗದದ ಮೇಲೆ ಎಳೆಯಿರಿ

ನಮಸ್ಕಾರ. ಸುರಂಗದ (ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ಮಾಟೆಯ) ನೀರು ತುಂಬುವ ಟ್ಯಾಂಕಿನಿಂದ ತೋಟದ ಐದು ವಾಲ್ವಿಗೆ ಪೈಪು ಹಾಕಬೇಕು, ಯಾವ ದಾರಿಯಲ್ಲಿ ಹಾಕಿದರೆ ಕಡಿಮೆ ಪೈಪು ಸಾಕು ಎಂದು ಕೇಳಿದ್ದೀರಿ. ಮೇಲೆ ಒಬ್ಬರು ಪ್ರತಿ ವಾಲ್ವಿಗೂ ಟ್ಯಾಂಕಿನಿಂದಲೇ ಬೇರೆ ಪೈಪು ಎಳೆಯಿರಿ ಅಂದಿದ್ದಾರೆ. ಇನ್ನೊಬ್ಬರು ಒಂದೇ ಪೈಪನ್ನು ಸುತ್ತಿಸಿ ತನ್ನಿ ಅಂದಿದ್ದಾರೆ. ನೀವು ಅಳತೆ ಕೊಟ್ಟಿರುವುದರಿಂದ ಅಂದಾಜು ಬೇಡ, ಲೆಕ್ಕ ಹಾಕಿಯೇ ಹೇಳಬಹುದು. ಜಾಗಗಳನ್ನು ಚುಕ್ಕಿ, ದಾರಿಗಳನ್ನು ಗೆರೆ ಮಾಡಿಕೊಂಡು ಹಾಕುವ ಈ ಲೆಕ್ಕಕ್ಕೆ ಗ್ರಾಫ್ ಥಿಯರಿ ಅನ್ನುತ್ತಾರೆ. ತೋಟದ ಕೆಲಸಕ್ಕೆ ಇಷ್ಟು ನೇರವಾಗಿ ಒದಗುವ ಗಣಿತ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಒಂದು ಕಾಗದ ತೆಗೆದುಕೊಳ್ಳಿ. ಟ್ಯಾಂಕ್, ಅಂಗಳ, ಮೇಲಿನ ತೋಟ, ಕೆರೆಬದಿ, ಬೈಲು, ಹೊಸ ತೋಟ, ಹೀಗೆ ಆರು ಚುಕ್ಕಿ ಹಾಕಿ. ಪೈಪು ಹೋಗಬಹುದಾದ ಎಂಟು ದಾರಿಗಳನ್ನು ಗೆರೆ ಎಳೆದು ಮೀಟರ್ ಬರೆಯಿರಿ. ನೀವು ಕೊಟ್ಟಿದ್ದು ಇದು: ಟ್ಯಾಂಕ್–ಅಂಗಳ 40, ಟ್ಯಾಂಕ್–ಮೇಲಿನ ತೋಟ 48, ಅಂಗಳ–ಮೇಲಿನ ತೋಟ 30, ಅಂಗಳ–ಕೆರೆಬದಿ 60, ಮೇಲಿನ ತೋಟ–ಕೆರೆಬದಿ 45, ಮೇಲಿನ ತೋಟ–ಹೊಸ ತೋಟ 50, ಕೆರೆಬದಿ–ಬೈಲು 35, ಹೊಸ ತೋಟ–ಬೈಲು 70.

ಈಗ ಎಲ್ಲಕ್ಕಿಂತ ಚಿಕ್ಕ ಗೆರೆಯಿಂದ ಶುರುಮಾಡಿ. 30 ತೆಗೆದುಕೊಳ್ಳಿ, 35 ತೆಗೆದುಕೊಳ್ಳಿ, 40, 45. ಮುಂದಿನದು 48, ಟ್ಯಾಂಕ್–ಮೇಲಿನ ತೋಟ. ಆದರೆ ಟ್ಯಾಂಕಿನ ನೀರು ಅಂಗಳದ ಮೂಲಕ ಆಗಲೇ ಮೇಲಿನ ತೋಟಕ್ಕೆ ಬಂದಾಗಿದೆ. ಇದನ್ನೂ ಹಾಕಿದರೆ ಸುತ್ತು ಆಗುತ್ತದೆ, ಬಿಟ್ಟುಬಿಡಿ. ಆಮೇಲೆ 50. ಐದು ಗೆರೆ ಆಯಿತು, ಆರೂ ಚುಕ್ಕಿ ಸೇರಿದವು, ಒಟ್ಟು 200 ಮೀಟರ್. ಈ ಎಂಟು ದಾರಿಗಳಲ್ಲಿ ಇದಕ್ಕಿಂತ ಕಡಿಮೆಗೆ ಆಗುವುದಿಲ್ಲ.

ಇಷ್ಟು ಖಚಿತವಾಗಿ ಹೇಗೆ ಹೇಳುವುದು? ತೋಟದ ನಡುವೆ ಎಲ್ಲಿಯಾದರೂ ಒಂದು ಬೇಲಿ ಹಾಕಿ ಆರು ಚುಕ್ಕಿಗಳನ್ನು ಎರಡು ಪಾಲು ಮಾಡಿ ನೋಡಿ. ನೀರು ಒಂದು ಪಾಲಿನಿಂದ ಇನ್ನೊಂದಕ್ಕೆ ದಾಟಲೇಬೇಕು. ದಾಟುವ ಗೆರೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಬಿಟ್ಟು ಉದ್ದದ್ದನ್ನು ಹಾಕಿದ್ದರೆ, ಅದನ್ನು ತೆಗೆದು ಚಿಕ್ಕದನ್ನು ಜೋಡಿಸಿ ಪೈಪು ಉಳಿಸಬಹುದು. ಬೇಲಿ ಎಲ್ಲಿ ಹಾಕಿದರೂ ಈ ಮಾತು ನಿಲ್ಲುತ್ತದೆ. ಚಿಕ್ಕದರಿಂದ ಆರಿಸುತ್ತಾ ಹೋಗುವ ಈ ಕ್ರಮವನ್ನು ಕ್ರುಸ್ಕಲ್ ಎಂಬವರು 1956ರಲ್ಲಿ ಬರೆದರು. ಅದಕ್ಕೂ 30 ವರ್ಷ ಮುಂಚೆ, 1926ರಲ್ಲಿ, ಬೊರೂವ್ಕ ಎಂಬವರು ಇದೇ ಪ್ರಶ್ನೆಯನ್ನು ಬಿಡಿಸಿದ್ದರು. ಅವರಿಗೆ ಅದು ಬಂದದ್ದು ಈಗಿನ ಚೆಕ್ ದೇಶದ ಮೊರೇವಿಯಾದ ಊರುಗಳಿಗೆ ಕರೆಂಟಿನ ಲೈನು ಎಳೆಯುವ ಕೆಲಸದಿಂದ.

ಎಲ್ಲ ಸಾಧ್ಯತೆಯನ್ನೂ ಬರೆದು ನೋಡುತ್ತೇನೆ ಅಂತ ಮಾತ್ರ ಹೊರಡಬೇಡಿ. ಯಾವ ಚುಕ್ಕಿಯಿಂದ ಯಾವುದಕ್ಕೂ ಪೈಪು ಹೋಗಬಹುದು ಅಂತಿದ್ದರೆ, ಆರು ಚುಕ್ಕಿಗಳನ್ನು ಸುತ್ತಿಲ್ಲದೆ ಸೇರಿಸುವ ಬಗೆಗಳು 1296. ಹತ್ತು ಚುಕ್ಕಿ ಆದರೆ ಹತ್ತು ಕೋಟಿ. ಚುಕ್ಕಿಗಳ ಸಂಖ್ಯೆಯನ್ನು, ಅದಕ್ಕಿಂತ ಎರಡು ಕಡಿಮೆ ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಈ ಲೆಕ್ಕ ಸಿಗುತ್ತದೆ: ಆರಕ್ಕೆ 6 × 6 × 6 × 6. ಕೇಲಿ ಎಂಬವರ ಹೆಸರಿನ ಸೂತ್ರ ಅದು. ಹತ್ತು ಕೋಟಿಯಲ್ಲಿ ಒಂದನ್ನು ಚಿಕ್ಕದರಿಂದ ಆರಿಸುತ್ತಾ ಹೋಗಿ ಐದು ನಿಮಿಷದಲ್ಲಿ ಹಿಡಿಯಬಹುದು ಅಂದರೆ ಸಣ್ಣ ವಿಷಯ ಅಲ್ಲ, ಅಲ್ವಾ?

ಆದರೆ 200 ಮೀಟರಿನ ಈ ನಕ್ಷೆಯನ್ನೇ ಹಾಕಿ ಅಂತ ನಾನು ಹೇಳುವುದಿಲ್ಲ. ಬೈಲಿನ ವಾಲ್ವಿಗೆ ನೀರು ಎಷ್ಟು ದೂರ ಹರಿಯುತ್ತದೆ ನೋಡಿ: 40, 30, 45, 35, ಒಟ್ಟು 150 ಮೀಟರ್. ಪೈಪು ಉದ್ದ ಆದಷ್ಟೂ ತಿಕ್ಕಾಟಕ್ಕೆ ಒತ್ತಡ ಹೋಗುತ್ತದೆ. ಸುರಂಗದ ನೀರಿಗೆ ಮೋಟಾರಿನ ಬಲ ಇಲ್ಲ, ಇಳಿಜಾರು ಕೊಟ್ಟದ್ದಷ್ಟೇ. ಹಾಗಾಗಿ ಇನ್ನೊಂದು ಪ್ರಶ್ನೆ ಕೇಳಬೇಕು: ಟ್ಯಾಂಕಿನಿಂದ ಪ್ರತಿ ವಾಲ್ವಿಗೂ ಹತ್ತಿರದ ದಾರಿ ಯಾವುದು? ಇದಕ್ಕೆ ಡೈಕ್‌ಸ್ಟ್ರಾ ಎಂಬವರು 1959ರಲ್ಲಿ ಪ್ರಕಟಿಸಿದ ಕ್ರಮ ಇದೆ. ಟ್ಯಾಂಕಿನಿಂದ ಹೊರಟು, ಪ್ರತಿ ಸಲ ಒಟ್ಟು ದೂರ ಕಡಿಮೆ ಇರುವ ಚುಕ್ಕಿಯನ್ನು ಗಟ್ಟಿ ಮಾಡಿಕೊಳ್ಳುತ್ತಾ ಮುಂದೆ ಹೋಗುವುದು. ಅಂಗಳ 40, ಮೇಲಿನ ತೋಟ 48, ಕೆರೆಬದಿ 93, ಹೊಸ ತೋಟ 98, ಬೈಲು 128.

ಈ ನಕ್ಷೆಗೆ ಬೇಕಾಗುವ ಪೈಪು 218 ಮೀಟರ್. ಅಂಗಳ–ಮೇಲಿನ ತೋಟದ 30 ಹೋಯಿತು, ಟ್ಯಾಂಕ್–ಮೇಲಿನ ತೋಟದ 48 ಬಂತು, ಬದಲಾದದ್ದು ಇಷ್ಟೇ. 18 ಮೀಟರ್ ಜಾಸ್ತಿ ಪೈಪಿಗೆ ನಾಲ್ಕು ವಾಲ್ವುಗಳು ತಲಾ 22 ಮೀಟರ್ ಹತ್ತಿರ ಆದವು. ನನಗೆ ಇದು ಒಳ್ಳೆಯ ವ್ಯಾಪಾರ ಅನಿಸುತ್ತದೆ. ಅಂಗಳದ ಲೈನು ಬೇರೆಯೇ ಆಗುವುದರಿಂದ ಮನೆಯಲ್ಲಿ ನಳ್ಳಿ ತಿರುಗಿಸಿದಾಗ ತೋಟದ ಒತ್ತಡ ಬೀಳುವುದೂ ಕಡಿಮೆ.

ಇನ್ನೊಂದು ಮುಖ್ಯ ವಿಷಯ. ಗೆರೆಯ ಮೇಲೆ ಮೀಟರನ್ನೇ ಬರೆಯಬೇಕು ಅಂತಿಲ್ಲ, ಖರ್ಚು ಬರೆಯಬಹುದು. ಅಂಗಳದಿಂದ ಮೇಲಿನ ತೋಟದವರೆಗೆ ಮುರಕಲ್ಲು ಕಡಿಯಬೇಕು ಅಂದಿದ್ದೀರಿ. ಆ 30 ಮೀಟರಿಗೆ ಆಗುವ ಖರ್ಚು ಬರೀ ಮಣ್ಣಿನ 48 ಮೀಟರಿಗಿಂತ ಜಾಸ್ತಿ ಆದರೆ ಸಾಕು, ಆ ಗೆರೆ ತಾನಾಗಿಯೇ ಬಿದ್ದುಹೋಗುತ್ತದೆ. ಆಗ ಮೊದಲನೆಯ ಕ್ರಮದಲ್ಲಿ ಹೋದರೂ ಇದೇ 218 ಮೀಟರಿನ ನಕ್ಷೆ ಸಿಗುತ್ತದೆ. ಬದಿಯಡ್ಕ ಪೇಟೆಗೆ ಹೋಗಿ ಪೈಪು ತರುವ ಮುಂಚೆ ಕಡಿಯುವವರ ಹತ್ತಿರ ಆ ಒಂದು ತುಂಡಿನ ರೇಟು ಕೇಳಿಕೊಳ್ಳಿ.

ನಡುವೆ ಟೀ (ಮೂರು ಪೈಪು ಸೇರಿಸುವ ಜೋಡಣೆ) ಹಾಕಿದರೆ ಪೈಪು ಉಳಿಯುತ್ತದೆ ಅಂತ ಕೆಳಗೆ ಒಬ್ಬರು ಬರೆದದ್ದು ಸರಿ. ಮೂರು ಜಾಗಗಳು ಒಂದಕ್ಕೊಂದು 100 ಮೀಟರ್ ದೂರದಲ್ಲಿದ್ದರೆ ಎರಡು ಬದಿಯಲ್ಲಿ ಪೈಪು ಹಾಕಲು 200 ಮೀಟರ್ ಬೇಕು. ನಟ್ಟನಡುವೆ ಮೂರು ಪೈಪು ಸಮಕೋನದಲ್ಲಿ, ಅಂದರೆ 120 ಡಿಗ್ರಿಯಲ್ಲಿ, ಸೇರುವಂತೆ ಮಾಡಿದರೆ ಸುಮಾರು 173 ಮೀಟರ್ ಸಾಕು. ಬಯಲು ಜಾಗದಲ್ಲಿ ಒಳ್ಳೆಯದು. ಅಡಿಕೆ ಸಾಲಿನ ನಡುವೆ ಕಣಿ (ನೀರಿನ ಕಾಲುವೆ) ದಾಟಿಸಿ ಓರೆಯಾಗಿ ಹಾಕುವುದು ಕಷ್ಟ. ಚುಕ್ಕಿಗಳು ಜಾಸ್ತಿ ಆದಾಗ ಇಂಥ ಟೀಗಳಿಗೆ ಸರಿಯಾದ ಜಾಗ ಹುಡುಕಲು ಎಲ್ಲ ಸಂದರ್ಭಕ್ಕೂ ಆಗುವ ವೇಗದ ಕ್ರಮ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಏಪ್ರಿಲಿನಲ್ಲಿ ಒಂದು ಪೈಪು ಒಡೆದರೆ ಅದರಾಚೆಯ ಅಡಿಕೆಗೆ ನೀರಿಲ್ಲ. ಆ ಭಯ ಇದ್ದರೆ ಹೊಸ ತೋಟ–ಬೈಲು 70 ಮೀಟರನ್ನೂ ಸೇರಿಸಿ. ಮೇಲಿನ ತೋಟ, ಕೆರೆಬದಿ, ಬೈಲು, ಹೊಸ ತೋಟ ಒಂದು ಸುತ್ತು ಆಗುತ್ತದೆ. ಅದರಲ್ಲಿ ಯಾವ ತುಂಡು ಒಡೆದರೂ ನೀರು ಇನ್ನೊಂದು ಕಡೆಯಿಂದ ಬರುತ್ತದೆ. ಒಡೆದ ತುಂಡನ್ನು ಮುಚ್ಚಲು ಎರಡೂ ತುದಿಯಲ್ಲಿ ಗೇಟ್ ವಾಲ್ವ್ ಇರಬೇಕು. ಎಲ್ಲ ಚುಕ್ಕಿಗಳೂ ಸೇರಿರುವ ನಕ್ಷೆಯಲ್ಲಿ ಗೆರೆಗಳ ಸಂಖ್ಯೆಯಿಂದ ಚುಕ್ಕಿಗಳನ್ನು ಕಳೆದು ಒಂದು ಕೂಡಿಸಿದರೆ ಇಂಥ ಬೇರೆ ಬೇರೆ ಸುತ್ತುಗಳು ಎಷ್ಟು ಅಂತ ಗೊತ್ತಾಗುತ್ತದೆ. ಇಲ್ಲಿ 6 − 6 + 1, ಅಂದರೆ ಒಂದು. ಪೈಪು ಎಷ್ಟು ಬಾಗಿದರೂ ಈ ಸಂಖ್ಯೆ ಬದಲಾಗುವುದಿಲ್ಲ. ಟೋಪಾಲಜಿ ಎಂಬ ಗಣಿತ ಹುಡುಕುವುದು ಇಂಥದ್ದನ್ನೇ.

ಎಂಟೂ ದಾರಿಯ ಹುಲ್ಲು ತೆಗೆಯಲು ಮೆಷಿನ್ ಹಿಡಿದು ಎಲ್ಲಿಂದ ಹೊರಡಬೇಕು ಅಂತಲೂ ಕೇಳಿದ್ದಿರಿ. ಪ್ರತಿ ಚುಕ್ಕಿಗೆ ಎಷ್ಟು ದಾರಿ ಸೇರುತ್ತದೆ ಎಣಿಸಿ. ಅಂಗಳಕ್ಕೆ ಮೂರು, ಕೆರೆಬದಿಗೆ ಮೂರು, ಉಳಿದವಕ್ಕೆಲ್ಲ ಎರಡು ಅಥವಾ ನಾಲ್ಕು. ಬೆಸ ಇರುವುದು ಎರಡೇ ಆದರೆ ಒಂದರಿಂದ ಹೊರಟು ಇನ್ನೊಂದರಲ್ಲಿ ಮುಗಿಸಬಹುದು, ಯಾವ ದಾರಿಯನ್ನೂ ಎರಡು ಸಲ ತುಳಿಯಬೇಕಿಲ್ಲ. ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಸುತ್ತಬಹುದೇ ಎಂಬ ಪ್ರಶ್ನೆಯಲ್ಲಿ ನಾಲ್ಕು ಜಾಗವೂ ಬೆಸ ಇತ್ತು, ಅದಕ್ಕೇ ಆಗದು ಎಂದು ಆಯ್ಲರ್ ಎಂಬ ಗಣಿತಜ್ಞರು 1736ರಲ್ಲಿ ತೋರಿಸಿದರು. ನಿಮ್ಮ ತೋಟದಲ್ಲಿ ಆಗುತ್ತದೆ: ಅಂಗಳ, ಟ್ಯಾಂಕ್, ಮೇಲಿನ ತೋಟ, ಮತ್ತೆ ಅಂಗಳ, ಕೆರೆಬದಿ, ಮೇಲಿನ ತೋಟ, ಹೊಸ ತೋಟ, ಬೈಲು, ಕೆರೆಬದಿ. ಒಟ್ಟು 378 ಮೀಟರ್, ವಾಪಸು ಅಂಗಳಕ್ಕೆ 60.

ಪೈಪಿನ ಗಾತ್ರ ಮಾತ್ರ ಈ ನಕ್ಷೆಯಿಂದ ಸಿಗುವುದಿಲ್ಲ. ಅದಕ್ಕೆ ಟ್ಯಾಂಕಿನಿಂದ ಪ್ರತಿ ವಾಲ್ವ್ ಎಷ್ಟು ಕೆಳಗಿದೆ ಅಂತ ಬೇಕು. ಹತ್ತು ಮೀಟರ್ ಇಳಿದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ. ಟ್ರಾನ್ಸ್‌ಪರೆಂಟ್ ಟ್ಯೂಬಿನಲ್ಲಿ ನೀರು ಹಾಕಿ ಮಟ್ಟ ಹಿಡಿದು ಅಳೆಯಿರಿ, ಒಂದು ವಾಲ್ವಿಗೆ ಎಷ್ಟು ಸ್ಪ್ರಿಂಕ್ಲರ್ ಅಂತಲೂ ಇಲ್ಲೇ ಬರೆಯಿರಿ. ಮೇಲಿನ ತೋಟದವರೆಗಿನ 48 ಮೀಟರಿಗೆ ಯಾವ ಗಾತ್ರ, ಅಲ್ಲಿಂದ ಮುಂದೆ ಯಾವ ಗಾತ್ರ ಅಂತ ಅದನ್ನು ನೋಡಿ ಹೇಳುತ್ತೇನೆ.