ಅಂಕೋನಾದಿಂದ ಗ್ರೀಸ್‌ಗೆ ರಾತ್ರಿ ಹಡಗಿನಲ್ಲಿ ಬೈಕ್: ಬಿದ್ದುಹೋಗಲ್ವಾ?

ಬೆಂಗಳೂರಿನಿಂದ ಹೋಗಿ ಇಟಲಿಯಲ್ಲಿ ಬೈಕ್ ಬಾಡಿಗೆಗೆ ತಗೊಂಡು, ಅಲ್ಲಿನ ಅಂಕೋನಾ ಬಂದರಿನಿಂದ ಗ್ರೀಸ್‌ನ ಇಗುಮೆನಿತ್ಸಾ ಬಂದರಿಗೆ ರಾತ್ರಿ ಹಡಗಿನಲ್ಲಿ ದಾಟಬೇಕು ಅಂತ ಬರೆದಿದ್ದೀರಿ. ಅಲೆ ಜಾಸ್ತಿ ಇದ್ದರೆ ಬೈಕ್ ಬೀಳಲ್ವಾ, ಇಲ್ಲಿಂದಲೇ ಏನೇನು ಮಾಡಿಸಿಕೊಂಡು ಹೋಗಬೇಕು ಅನ್ನೋದು ಪ್ರಶ್ನೆ. ನಾನು ಇದೇ ದಾರಿಯಲ್ಲಿ ಹೋಗಿದ್ದೇನೆ, ಹಾಗಾಗಿ ಹೇಳ್ತೀನಿ.

ಸರಿಯಾಗಿ ಕಟ್ಟಿದ ಬೈಕ್ ಬೀಳುವುದಿಲ್ಲ. ಆದರೆ ಸರಿಯಾಗಿ ಕಟ್ಟಿದ್ದಾರಾ ಅಂತ ನೋಡುವ ಅವಕಾಶ ಒಂದೇ ಸಲ. ಹಡಗು ಹೊರಟ ಮೇಲೆ ವಾಹನಗಳ ಡೆಕ್‌ಗೆ ಯಾರನ್ನೂ ಬಿಡಲ್ಲ. ಪ್ರಯಾಣ 15 ಗಂಟೆಗೂ ಮೇಲೆ. ಸಿಗಂದೂರು ಲಾಂಚಿನಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ ಬೈಕ್ ಪಕ್ಕದಲ್ಲೇ ನಿಲ್ಲುತ್ತಿದ್ದೆವಲ್ಲ, ಆ ಲೆಕ್ಕ ಇಲ್ಲಿ ನಡೆಯಲ್ಲ. (ಅಲ್ಲೂ 2025ರಲ್ಲಿ ಸೇತುವೆ ಬಂತು, ಬಿಡಿ.)

ಮೊದಲು ಹತ್ತಿಸುವ ವಿಷಯ. ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಬಂದರಿನಲ್ಲಿರಿ. ಕೌಂಟರಿನಲ್ಲಿ ಬೋರ್ಡಿಂಗ್ ಕಾರ್ಡ್ ತಗೊಂಡು ಆಮೇಲೆ ಸಾಲಿಗೆ ಹೋಗಿ. ಹಡಗಿನ ಬಾಯಿಯೊಳಗೆ ಲಾರಿಗಳ ಜೊತೆಗೇ ನುಗ್ಗಬೇಕು. ರ‍್ಯಾಂಪೂ ಕಬ್ಬಿಣ, ಒಳಗಿನ ನೆಲವೂ ಕಬ್ಬಿಣ. ನೀರು, ಡೀಸೆಲ್ ಚೆಲ್ಲಿರುತ್ತದೆ. ವಾಹನ ಕಟ್ಟುವ ಬೆಲ್ಟ್ ಸಿಕ್ಕಿಸುವ ಬಳೆಗಳು ನೆಲದಿಂದ ಮೇಲೆ ಎದ್ದಿರುತ್ತವೆ, ಅವುಗಳ ಮೇಲೆ ಚಕ್ರ ಹತ್ತಿಸಬೇಡಿ. ಮೊದಲ ಗೇರ್‌ನಲ್ಲಿ ನಿಧಾನಕ್ಕೆ ಹೋಗಿ. ತಿರುಗಿಸುವಾಗ ಮುಂದಿನ ಬ್ರೇಕ್ ಮುಟ್ಟಲೇಬೇಡಿ. ನನ್ನ ಪ್ರಕಾರ ಇಡೀ ಪ್ರಯಾಣದಲ್ಲಿ ಬೈಕ್ ಬೀಳುವ ಸಾಧ್ಯತೆ ಜಾಸ್ತಿ ಇರುವುದು ಸಮುದ್ರದ ನಡುವೆ ಅಲ್ಲ, ಇಲ್ಲೇ. ಸಿಬ್ಬಂದಿ ಕೈಬೀಸಿ ಅವಸರ ಮಾಡ್ತಾರೆ. ಮಾಡಲಿ, ನಿಮ್ಮ ವೇಗ ನಿಮಗೆ.

ಕೆಲವು ಹಡಗುಗಳಲ್ಲಿ ಅವರೇ ಕಟ್ಟುತ್ತಾರೆ, ಕೆಲವು ಕಡೆ ಬೆಲ್ಟ್ ಕೈಗೆ ಕೊಟ್ಟು ಹೋಗಿಬಿಡ್ತಾರೆ. ಎರಡಕ್ಕೂ ತಯಾರಿರಿ. ಸೈಡ್ ಸ್ಟ್ಯಾಂಡ್ ಹಾಕಿ, ಗೇರಿನಲ್ಲೇ ಬಿಡಿ, ಹ್ಯಾಂಡಲ್ ಲಾಕ್ ಮಾಡಿ. ಬೆಲ್ಟ್ ಸೀಟಿನ ಮೇಲೆ ಹಾದು ಬೈಕನ್ನು ಸ್ಟ್ಯಾಂಡಿನ ಕಡೆಗೆ ಒತ್ತುವ ಹಾಗೆ ಬಿಗಿಯಬೇಕು. ಆಗ ಹಡಗು ಯಾವ ಕಡೆ ವಾಲಿದರೂ ಬೈಕ್ ಆ ಒತ್ತಡದಲ್ಲೇ ಇರುತ್ತದೆ. ಸೀಟಿಗೂ ಬೆಲ್ಟಿಗೂ ನಡುವೆ ಹಳೇ ಟವೆಲ್ ಇಡಿ. ಬಾಡಿಗೆ ಬೈಕ್, ಗೀರು ಬಿದ್ದರೆ ಡೆಪಾಸಿಟ್‌ನಲ್ಲಿ ಹಿಡಿದುಕೊಳ್ತಾರೆ. ಬ್ರೇಕ್ ಪೈಪ್ ಮೇಲಾಗಲೀ ಪ್ಲಾಸ್ಟಿಕ್ ಭಾಗಗಳ ಮೇಲಾಗಲೀ ಬೆಲ್ಟ್ ಹಾಯಬಾರದು. ಮುಂದಿನ ಬ್ರೇಕ್ ಲಿವರ್ ಹಿಡಿದು ರಬ್ಬರ್ ಬ್ಯಾಂಡ್ ಸುತ್ತಿ, ಹಿಂದೆ ಮುಂದೆ ಉರುಳುವುದು ನಿಲ್ಲುತ್ತದೆ. ಆಮೇಲೆ ಸೀಟು ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಬೈಕ್ ಒಂದೇ ಅಲ್ಲಾಡಿದರೆ ಬೆಲ್ಟ್ ಸಡಿಲ ಅಂತ ಅರ್ಥ, ಅವರನ್ನು ಕರೆದು ಮತ್ತೆ ಬಿಗಿಸಿ. ಸಂಕೋಚ ಬೇಡ. ಅಲಾರಂ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಅಲೆಗೆ ರಾತ್ರಿಯಿಡೀ ಕೂಗಿ ಬ್ಯಾಟರಿ ಇಳಿಯುತ್ತದೆ.

ನಮ್ಮ ರೈಲಿನ ಪಾರ್ಸಲ್ ಥರ ಪೆಟ್ರೋಲ್ ಖಾಲಿ ಮಾಡಿಸುವ ಗೊಡವೆ ಇಲ್ಲ. ಕ್ಯಾನಿನಲ್ಲಿ ಪೆಟ್ರೋಲ್ ಮಾತ್ರ ಬೇಡ.

ಮೇಲೆ ಹೋಗುವ ಮುಂಚೆ ಡೆಕ್ ನಂಬರ್ ಮತ್ತು ಮೆಟ್ಟಿಲಿನ ಗುರುತಿನ ಫೋಟೋ ತೆಗೆದುಕೊಳ್ಳಿ. ಚಾರ್ಜರ್, ಮಾತ್ರೆ, ಜಾಕೆಟ್, ಪಾಸ್‌ಪೋರ್ಟ್ ಒಂದು ಸಣ್ಣ ಬ್ಯಾಗಿನಲ್ಲಿ ಬೇರೆಯೇ ಇರಲಿ. ದುಡ್ಡಿದ್ದರೆ ಕ್ಯಾಬಿನ್ ತಗೊಳ್ಳಿ. ಸೀಟ್ ಟಿಕೆಟ್ ಅಗ್ಗ, ಆದರೆ ಬೆಳಿಗ್ಗೆ ಬೈಕ್ ಓಡಿಸಬೇಕಲ್ವಾ? ಹೊಟ್ಟೆ ತೊಳಸುವವರಾದರೆ ಹಡಗಿನ ಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ, ಅಲ್ಲಿ ಓಲಾಟ ಕಡಿಮೆ. ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಸಮುದ್ರದಲ್ಲಿ ಅದು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡಿ ತಲೆ ತಿರುಗುತ್ತದೆ.

ಇನ್ನು ಕಾಗದ ಪತ್ರ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ನಿಮ್ಮ ಆರ್‌ಟಿಒದಲ್ಲೇ ಸಿಗುತ್ತದೆ, ಒಂದು ವರ್ಷ ನಡೆಯುತ್ತದೆ. ಡಿಎಲ್ ಕೂಡ ಜೊತೆಗಿರಲಿ. ಬಾಡಿಗೆ ಅಂಗಡಿಯವರಿಂದ ಎರಡು ವಿಷಯ ಬರಹದಲ್ಲಿ ತಗೊಳ್ಳಿ: ಬೈಕನ್ನು ಗ್ರೀಸ್‌ಗೆ ಒಯ್ಯಬಹುದು, ಹಡಗಿನಲ್ಲಿ ಹಾಕಬಹುದು. ಬಾಯಿ ಮಾತು ನಂಬಬೇಡಿ. ಇನ್ಶೂರೆನ್ಸ್ ಹಡಗಿನೊಳಗೂ ಅನ್ವಯಿಸುತ್ತಾ ಅಂತಲೂ ಕೇಳಿ. ಎರಡೂ ಷೆಂಗೆನ್ ದೇಶಗಳು, ಹಾಗಾಗಿ ಒಂದೇ ವೀಸಾ ಸಾಕು. ಪ್ಲಾನ್ ಬದಲಾಗಿ ಇಟಲಿಯ ಬಾರಿ ಬಂದರಿನಿಂದ ಅಲ್ಬೇನಿಯಾದ ದುರ‍್ರೆಸ್‌ಗೆ ದಾಟಿದರೆ ಮಾತ್ರ ಷೆಂಗೆನ್‌ನಿಂದ ಹೊರಗೆ ಹೋದ ಹಾಗೆ. ವಾಪಸ್ ಬರಲು ಮಲ್ಟಿಪಲ್ ಎಂಟ್ರಿ ವೀಸಾ ಬೇಕು.

ಗ್ರೀಸ್ ಸಮಯ ಇಟಲಿಗಿಂತ ಒಂದು ಗಂಟೆ ಮುಂದೆ, ಅದಕ್ಕೆ ತಕ್ಕ ಹಾಗೆ ಅಲಾರಂ ಇಟ್ಟುಕೊಳ್ಳಿ. ಕೆಳಗೆ ಹೋಗಿ ಎಂದು ಹೇಳಿದ ಮೇಲೇ ಇಳಿಯಿರಿ, ಹಡಗು ಪೂರ್ತಿ ನಿಂತ ಮೇಲೇ ಬೆಲ್ಟ್ ಬಿಚ್ಚಿ. ಬಾಗಿಲು ತೆರೆಯುವ ಮೊದಲು ಎಂಜಿನ್ ಶುರು ಮಾಡಬೇಡಿ, ಹೊಗೆ ಹೊರಗೆ ಹೋಗಲ್ಲ. ಇಗುಮೆನಿತ್ಸಾದಿಂದಲೇ ಎಗ್ನಾಟಿಯಾ ಹೆದ್ದಾರಿ ಶುರು, ಟರ್ಕಿ ಗಡಿವರೆಗೆ ಸುಮಾರು 670 ಕಿ.ಮೀ. ಜೊತೆಗೆ ಇಳಿದ ಲಾರಿಗಳಲ್ಲಿ ಬಹಳಷ್ಟು ಅದೇ ರಸ್ತೆ ಹಿಡಿಯುತ್ತವೆ. ಬಂದರಿನ ಎದುರು ಒಂದು ಕಾಫಿ ಕುಡಿದು ಅವು ಮುಂದೆ ಹೋದ ಮೇಲೆ ಹೊರಡಿ.