ವೀಸಾ ಅರ್ಜಿಯ ಖರ್ಚು ಯಾರದು?

ಪ್ರಶ್ನೆ: ಆರು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಮೆರಿಕದ ಒಂದು ಕನ್ಸಲ್ಟೆನ್ಸಿಯವರು ಅಲ್ಲಿ ಕೆಲಸ ಮಾಡಲು ಬೇಕಾದ ಎಚ್‌-1ಬಿ ವೀಸಾ ಖಂಡಿತ ಮಾಡಿಸಿಕೊಡುತ್ತೇವೆ ಎನ್ನುತ್ತಾರೆ. ಅದಕ್ಕಾಗಿ 4 ಲಕ್ಷ ರೂಪಾಯಿ ಮುಂಗಡ ಕೊಡಬೇಕಂತೆ. ಅಲ್ಲಿಗೆ ಹೋದ ಮೇಲೆ ಪ್ರಾಜೆಕ್ಟ್ ಸಿಗುವವರೆಗೆ ಸಂಬಳವಿಲ್ಲದೆ ಬೆಂಚ್‌ನಲ್ಲಿರಬೇಕಂತೆ. ಒಪ್ಪಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಒಪ್ಪಬೇಡಿ, ಹಣವನ್ನೂ ಕೊಡಬೇಡಿ.

ಎಚ್‌-1ಬಿ ಅರ್ಜಿಯನ್ನು ನೌಕರ ತಾನೇ ಹಾಕಿಕೊಳ್ಳುವಂತಿಲ್ಲ. ಕೆಲಸ ಕೊಡುವ ಕಂಪನಿಯೇ ಮಾರ್ಚ್ ತಿಂಗಳಲ್ಲಿ ನಿಮ್ಮ ಹೆಸರನ್ನು ನೋಂದಾಯಿಸಬೇಕು. ಹೆಸರು ಆಯ್ಕೆಯಾದರೆ, ಆ ಊರಿನಲ್ಲಿ ಆ ಹುದ್ದೆಗೆ ಸಲ್ಲುವ ಸಂಬಳಕ್ಕಿಂತ ಕಡಿಮೆ ಕೊಡುವುದಿಲ್ಲವೆಂದು ಕಾರ್ಮಿಕ ಇಲಾಖೆಗೆ ಎಲ್‌ಸಿಎ ಎಂಬ ಮುಚ್ಚಳಿಕೆ ಬರೆದುಕೊಟ್ಟು, ಅದು ದೃಢೀಕರಣವಾದ ಮೇಲೆ ವಲಸೆ ಇಲಾಖೆಗೆ ಐ-129 ಅರ್ಜಿ ಸಲ್ಲಿಸಬೇಕು. ಇಂಥ ಹೊಸ ವೀಸಾಗಳಿಗೆ ವರ್ಷದ ಮಿತಿ 65,000. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000. ನೋಂದಣಿಗಳು ಇದನ್ನು ಮೀರಿದಾಗ ಆಯ್ಕೆ ಸರ್ಕಾರದ ಕೈಯಲ್ಲಿರುವುದರಿಂದ, ‘ಖಂಡಿತ’ ಎಂಬ ಮಾತನ್ನು ಯಾವ ಕನ್ಸಲ್ಟೆನ್ಸಿಯೂ ಆಡುವ ಹಾಗಿಲ್ಲ.

ಇನ್ನು ಹಣದ ವಿಷಯ. ಅರ್ಜಿಯ ಜೊತೆ ಕಂಪನಿ ಕಟ್ಟುವ 750 ಅಥವಾ 1,500 ಡಾಲರ್‌ಗಳ ತರಬೇತಿ ಶುಲ್ಕವನ್ನು ನೌಕರನಿಂದ ವಸೂಲಿ ಮಾಡುವುದನ್ನು ಕಾನೂನು ನಿಷೇಧಿಸಿದೆ. ಅರ್ಜಿಗೆ ಸಂಬಂಧಿಸಿದ ವಕೀಲರ ಶುಲ್ಕವೂ ಕಂಪನಿಯ ಖರ್ಚೇ. ವೀಸಾ ಶುಲ್ಕ, ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿಬರುವ ಖರ್ಚು ನಿಮ್ಮ ಪಾಲಿಗೆ ಬರಬಹುದು, ಅಷ್ಟೆ. ಅದೂ ಅಲ್ಲದೆ, 2025ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಅಧ್ಯಕ್ಷರ ಘೋಷಣೆಯು ಅಮೆರಿಕದ ಹೊರಗಿರುವವರ ಪರವಾಗಿ ಸಲ್ಲಿಸುವ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕೆಂದು ವಿಧಿಸಿತು. ಆ ಮೊತ್ತದ ಬಗ್ಗೆ ಒಂದು ಮಾತೂ ಆಡದೆ ನಿಮ್ಮ 4 ಲಕ್ಷ ರೂಪಾಯಿಯನ್ನು ಕೇಳುತ್ತಿದ್ದಾರೆಂದರೆ, ಅವರು ನಿಜವಾಗಿ ಅರ್ಜಿ ಹಾಕುತ್ತಾರೆಯೇ ಎಂಬುದೇ ನನ್ನ ಅನುಮಾನ.

ಬೆಂಚ್‌ನ ಷರತ್ತು ನನ್ನನ್ನು ಇನ್ನಷ್ಟು ಕಳವಳಕ್ಕೀಡುಮಾಡಿದೆ. ನೀವು ಕೆಲಸಕ್ಕೆ ಹಾಜರಾದ ದಿನದಿಂದ, ತಡವೆಂದರೆ ಅಮೆರಿಕ ಪ್ರವೇಶಿಸಿದ 30 ದಿನಗಳೊಳಗೆ, ಸಂಬಳ ಶುರುವಾಗಲೇಬೇಕು. ಪ್ರಾಜೆಕ್ಟ್ ಇಲ್ಲವೆಂಬ ಕಾರಣಕ್ಕೆ ಅದನ್ನು ನಿಲ್ಲಿಸುವಂತಿಲ್ಲ. ಪರ ಊರಿನಲ್ಲಿ, ಮನೆ ಬಾಡಿಗೆಗೂ ಸಾಲ ಮಾಡಿಕೊಂಡು, ವೀಸಾ ಕೈತಪ್ಪುವ ಭಯದಲ್ಲಿ ಸುಮ್ಮನಿರಬೇಕಾದ ಸ್ಥಿತಿಗೆ ನಮ್ಮ ಮಕ್ಕಳು ಸಿಲುಕಬಾರದು.

ಎಲ್‌ಸಿಎ ಪ್ರತಿಯನ್ನು ಕೆಲಸಕ್ಕೆ ಸೇರುವ ದಿನದೊಳಗೆ ನಿಮಗೆ ಕೊಡುವುದು ಕಂಪನಿಯ ಕರ್ತವ್ಯ. ಹುದ್ದೆ, ಕೆಲಸದ ಊರು, ಸಂಬಳ ಮೂರೂ ಅದರಲ್ಲಿರುತ್ತವೆ. ಯಾವುದೇ ಕಂಪನಿಯೊಡನೆ ಮುಂದುವರಿದರೂ ಆಫರ್ ಲೆಟರ್‌ನೊಂದಿಗೆ ಅದನ್ನು ತಾಳೆ ನೋಡಿ. ಅಲ್ಲಿಯವರೆಗೆ ಪಾಸ್‌ಪೋರ್ಟ್ ಮತ್ತು ಮೂಲ ಅಂಕಪಟ್ಟಿಗಳು ನಿಮ್ಮ ಮನೆಯಲ್ಲೇ ಇರಲಿ. ಅವರಿಗೆ ಸ್ಕ್ಯಾನ್ ಪ್ರತಿ ಸಾಕು.